ಎಡ ಹೊಳ್ಳೆ

ಅಮ್ಮನ ಅರ್ಧ ಮೂಗು ಸತ್ತು ಎಷ್ಟು ವರ್ಷ ಆಗಿತ್ತೋ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಚಮಚ ಕಾಫಿಪುಡಿಯಿಂದ.

ಡಾಕ್ಟರು ಕಣ್ಣು ಮುಚ್ಚಿಕೊಳ್ಳಿ ಅಂದರು. ಎಡ ಹೊಳ್ಳೆಯನ್ನು ಅವಳದೇ ಬೆರಳಿಂದ ಒತ್ತಿ ಹಿಡಿಸಿದರು. ಬಲ ಹೊಳ್ಳೆಯ ಹತ್ತಿರ ಒಂದು ಸಣ್ಣ ಡಬ್ಬಿ ತಂದು, "ಇದೇನಮ್ಮ?" ಎಂದು ಕೇಳಿದರು.

"ಖಾಲಿ ಡಬ್ಬಿ ಹಿಡಿದ್ರೆ ಏನಂತ ಹೇಳ್ಲಿ ಡಾಕ್ಟ್ರೇ?" ಅಂದಳು ಅಮ್ಮ.

ಈಗ ಬಲ ಮುಚ್ಚಿಸಿದರು. ಅದೇ ಡಬ್ಬಿ ಎಡಕ್ಕೆ ಬಂತು. ಅಮ್ಮ ಒಂದು ಉಸಿರು ಎಳೆದಳು, ಅಷ್ಟೇ. "ಕಾಫಿಪುಡಿ. ಚಿಕೋರಿ ಜಾಸ್ತಿ ಹಾಕಿದಾರೆ."

ನಾನೂ ತಮ್ಮನೂ ನಕ್ಕುಬಿಟ್ಟೆವು. ಡಾಕ್ಟರು ನಗಲಿಲ್ಲ. ಸೋಪು, ಲವಂಗ ಎಲ್ಲವನ್ನೂ ಹಾಗೇ ಎರಡೆರಡು ಸಲ ಹಿಡಿದು ನೋಡಿ ಫೈಲಿನಲ್ಲಿ ಏನೋ ಬರೆದುಕೊಂಡರು. ಬಲಗಡೆ ಏನೂ ಇಲ್ಲ. ಎಡಗಡೆ ಎಲ್ಲ ಇದೆ. ಕಣ್ಣು ಬಿಟ್ಟ ಅಮ್ಮ ಒಂದೇ ಡಬ್ಬಿ ಅಂತ ನಂಬಲೇ ಇಲ್ಲ. ತಾನೇ ಕೈಗೆ ತಗೊಂಡು, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹಿಡಿದು ನೋಡಿದಳು. ಆಮೇಲೆ ಸುಮ್ಮನಾದಳು.

ಅಮ್ಮನ ಮೂಗಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದು ಸಾಗರದ ಕಡೆ. ಅಮ್ಮ ಮೂವತ್ತು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ದೊಡ್ಡ ವ್ಯಾಪಾರವೇನಲ್ಲ. ಅಡುಗೆಮನೆ ಹಿಂದಿನ ಕತ್ತಲೆ ಕೋಣೆಯಲ್ಲಿ ಸಾಲಾಗಿ ಭರಣಿಗಳು, ಗೊತ್ತಿರುವವರು, ಅವರಿಗೆ ಗೊತ್ತಿರುವವರು. ಅಪ್ಪೆಮಿಡಿ ಆರಿಸುವುದು ಕಣ್ಣಿಂದಲ್ಲ. ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಅದನ್ನು ಮೂಸಬೇಕು. ಒಂದು ಮರದ್ದು ಜೀರಿಗೆ ಪರಿಮಳ, ಇನ್ನೊಂದರದು ಕರ್ಪೂರದ ಹಾಗೆ, ಮತ್ತೊಂದು ಬರೀ ಹುಳಿ ಮಾವು. ಉಪ್ಪಿನಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟರೂ ಆ ಸೊನೆಯ ಪರಿಮಳ ಉಳಿಯಬೇಕು, ಅದಕ್ಕೇ ಜನ ದುಡ್ಡು ಕೊಡುವುದು. ತೊಟ್ಟಿಲ್ಲದ ಮಿಡಿ, ಬಿದ್ದ ಮಿಡಿ ಅಮ್ಮ ಮುಟ್ಟುವುದಿಲ್ಲ. ರಿಪ್ಪನ್‌ಪೇಟೆ ಕಡೆಯಿಂದ ಬರುವ ವ್ಯಾಪಾರಿಗಳು ಅವಳನ್ನು ಕಂಡರೆ ಗೋಣಿಯ ಅಡಿಯಲ್ಲಿರುವುದನ್ನು ಮೊದಲೇ ತೆಗೆದಿಡುತ್ತಾರೆ.

ಇಂಥ ಮೂಗಲ್ಲಿ ಅರ್ಧ ಇಲ್ಲ ಅಂದರೆ ಅವಳಿಗೇ ಗೊತ್ತಾಗಲಿಲ್ಲವಾ? ಆಗುವುದಿಲ್ಲವಂತೆ. ನಾವು ಯಾವಾಗಲೂ ಎರಡೂ ಹೊಳ್ಳೆಯಿಂದ ಮೂಸುತ್ತೇವೆ. ಒಂದು ಕಡೆ ಸರಿ ಇದ್ದರೆ ದಿನನಿತ್ಯಕ್ಕೆ ಅದೇ ಸಾಕು. ಅದೂ ನಿಧಾನಕ್ಕೆ ಹೋದರೆ ಕೇಳುವುದೇ ಬೇಡ. ಅಮ್ಮನದು ನಿಧಾನದ ಗಡ್ಡೆ.

ಶುರುವಾಗಿದ್ದು ತಲೆನೋವಿಂದ. ಮೊದಲು ಚಾಳೀಸು ಅಂದೆವು, ಆಮೇಲೆ ಪಿತ್ತ ಅಂದೆವು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಹಣೆಯ ಹಿಂದೆ, ಬುರುಡೆಯ ತಳದಲ್ಲಿ, ಬಲಗಡೆಗೆ ಒಂದು ಗಡ್ಡೆ. ಸಣ್ಣ ನಿಂಬೆಹಣ್ಣಿನಷ್ಟು. ಮೆನಿಂಜಿಯೋಮಾ ಅಂದರು. ಮೆದುಳಿನದಲ್ಲ, ಮೆದುಳಿನ ಮೇಲಿನ ಪೊರೆಯದು. ಕ್ಯಾನ್ಸರ್ ಇರಲಿಕ್ಕಿಲ್ಲ, ಆದರೆ ಬೆಳೆಯುತ್ತಿದೆ, ಬಿಟ್ಟರೆ ಕಣ್ಣಿನ ನರಕ್ಕೆ ಒತ್ತುತ್ತದೆ. ಈ ಹೆಸರು ಇಟ್ಟವನು ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್, 1922ರಲ್ಲಿ. ಇವೆಲ್ಲ ಆಮೇಲೆ ರಾತ್ರಿ ನಿದ್ದೆ ಬಾರದೆ ಓದಿಕೊಂಡಿದ್ದು. ಇದೇ ಜಾಗದ ಗಡ್ಡೆಯನ್ನು 1880ರ ದಶಕದಲ್ಲೇ ರೋಮ್‌ನಲ್ಲಿ ಫ್ರಾನ್ಸೆಸ್ಕೋ ದುರಾಂತೆ ಅನ್ನುವವರು ತೆಗೆದಿದ್ದರು. ಸೇಬಿನ ಗಾತ್ರದ್ದು. ಮೂವತ್ತೈದು ವರ್ಷದ ಹೆಂಗಸು, ಬದುಕಿಕೊಂಡಳು. ಸರ್ಜರಿಗೆ ಮೊದಲೇ ಅವಳಿಗೆ ವಾಸನೆ ಹೋಗಿತ್ತು ಅಂತ ಬರೆದಿದೆ. ಆ ಸಾಲನ್ನು ನಾನು ಎರಡು ಸಲ ಓದಿದೆ.

ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಯಾರೂ ಕಾಫಿಪುಡಿ ಮೂಸಿಸಲಿಲ್ಲ. ಕಣ್ಣು ನೋಡಿದರು, ಕೈಕಾಲು ಎತ್ತಿಸಿದರು, ಮೂಗನ್ನು ಬಿಟ್ಟರು. ಅಮ್ಮನೇ ಕೇಳಿದಳು, "ಆಪರೇಶನ್ ಆದ್ಮೇಲೆ ನಂಗೆ ಪರಿಮಳ ಗೊತ್ತಾಗ್ತದಾ?" ಅಂತ. ಅಲ್ಲಿದ್ದವರು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ, "ವಾಸನೆ ತಾನೇ ಅಮ್ಮ, ಜೀವ ಮುಖ್ಯ ಅಲ್ವಾ" ಅಂದರು.

ತಪ್ಪು ಮಾತಲ್ಲ. ಜೀವವೇ ಮುಖ್ಯ. ಆದರೆ ಅಮ್ಮ ಕೇಳಿದ್ದು ಅದನ್ನಲ್ಲವಲ್ಲ. ಕಣ್ಣು ಹೋಗುತ್ತದಾ ಅಂತ ಕೇಳಿದ್ದರೆ ಹೀಗೆ ಉತ್ತರ ಕೊಡುತ್ತಿದ್ದರಾ? ನಾನೂ ಅವತ್ತು ಅಮ್ಮನಿಗೇ ಬೈದೆ, ಸುಮ್ನೆ ಇರು ಅಂತ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಇಷ್ಟು ದೊಡ್ಡ ವಿಷಯದ ನಡುವೆ ಉಪ್ಪಿನಕಾಯಿ ಪರಿಮಳ ಕೇಳ್ತಾಳಲ್ಲ ಅನ್ನಿಸಿತ್ತು.

ಎರಡನೇ ಡಾಕ್ಟರ ಹತ್ತಿರ ಹೋದದ್ದು ಬೇರೆ ಕಾರಣಕ್ಕೆ. ತಮ್ಮನಿಗೆ ಯಾರೋ ಹೇಳಿದ್ದರು, ಈಗ ಬುರುಡೆ ಒಡೆಯುವುದೇ ಬೇಡ, ಮೂಗಿನ ಮೂಲಕ ದುರ್ಬೀನು ತೂರಿಸಿ ಗಡ್ಡೆ ತೆಗೆಯುತ್ತಾರೆ, ಒಂದು ಗಾಯ ಕೂಡ ಕಾಣುವುದಿಲ್ಲ ಅಂತ. ನಮ್ಮೆಲ್ಲರಿಗೂ ಅದು ದೇವರು ಕೊಟ್ಟ ದಾರಿ ಅನ್ನಿಸಿತ್ತು. ತಲೆ ಬೋಳಿಸುವುದು ಬೇಡ, ಬುರುಡೆ ಕೊಯ್ಯುವುದು ಬೇಡ. ಅಪ್ಪನಿಗಂತೂ ಆ ಮಾತು ಕೇಳಿಯೇ ಊಟ ಸೇರಿತ್ತು.

ಕಾಫಿಪುಡಿ ಡಬ್ಬಿ ಕೆಳಗಿಟ್ಟು ಡಾಕ್ಟರು ಹೇಳಿದ್ದು ಸರಿಯಾಗಿ ಅದರ ಉಲ್ಟಾ.

"ಇವರಿಗೆ ಮೂಗಿನ ದಾರಿ ಬೇಡ. ಬುರುಡೆ ತೆರೆದೇ ಹೋಗೋಣ."

ಅಪ್ಪನ ಮುಖ ಬಿತ್ತು. ಡಾಕ್ಟರು ಒಂದು ಹಾಳೆ ತಗೊಂಡು ಚಿತ್ರ ಬರೆದರು. ನಾವು ಉಸಿರಾಡುವ ಮೂಗು ಕೆಳಗಿನದು. ವಾಸನೆ ಹಿಡಿಯುವ ಜಾಗ ಅದಲ್ಲ. ಮೂಗಿನ ತೀರಾ ಮೇಲೆ, ಎರಡು ಕಣ್ಣುಗಳ ನಡುವೆ, ಮಾಡಿನಲ್ಲಿ, ಒಂದು ಸಣ್ಣ ತೇಪೆಯಷ್ಟು ಪೊರೆ ಇದೆ. ವಾಸನೆಯ ನರಗಳು ಹುಟ್ಟುವುದು ಅಲ್ಲಿ. ಆ ಮಾಡು ಅಂದರೆ ಒಂದು ತೆಳು ಎಲುಬು, ಜರಡಿಯ ಹಾಗೆ ತೂತು ತೂತು. ಹೆಸರೇ ಜರಡಿ ಎಲುಬು. ಒಂದೊಂದು ಕಡೆಗೆ ಇಪ್ಪತ್ತರಷ್ಟು ನರದ ಎಳೆಗಳು ಆ ತೂತುಗಳಲ್ಲಿ ತೂರಿ ಮೇಲೆ ಹೋಗುತ್ತವೆ. ಮೇಲೆ ಮೆದುಳಿನ ಅಡಿಯಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಎರಡು ಮೊಗ್ಗುಗಳು, ಬಲಕ್ಕೊಂದು, ಎಡಕ್ಕೊಂದು. ಎಳೆಗಳು ಸೇರುವುದು ಅಲ್ಲಿಗೆ. ಅಲ್ಲಿಂದ ಮುಂದೆ ವಾಸನೆ ಮೆದುಳಿನೊಳಗೆ.

"ನಿಮ್ಮ ಗಡ್ಡೆ ಕೂತಿರೋದು ಆ ಜರಡಿ ಮೇಲೆ," ಅಂದರು. "ಮೂಗಿಂದ ಹೋಗ್ಬೇಕು ಅಂದ್ರೆ ಜರಡೀನೇ ಕಿತ್ಕೊಂಡು ಹೋಗ್ಬೇಕು. ಕಣ್ಣಿಗೆ ಕಾಣೋ ಗಾಯ ಇರಲ್ಲ. ಆದ್ರೆ ಮೂಗು ಹೋಗುತ್ತೆ."

ಗಾಯ ಕಾಣದ ದಾರಿಯೇ ಒಳ್ಳೆಯ ದಾರಿ ಅಂದುಕೊಂಡಿದ್ದ ನಮಗೆ ಇದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಹಾಗಂತ ಮೂಗಿನ ದಾರಿ ಕೆಟ್ಟದ್ದಲ್ಲ. ನಮ್ಮ ವಾರ್ಡಿನಲ್ಲೇ ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯವರೊಬ್ಬರಿದ್ದರು, ಮೂಗಿಂದಲೇ ತೆಗೆದಿದ್ದರು, ಮೂರನೇ ದಿನ ಇಡ್ಲಿ ತಿನ್ನುತ್ತಿದ್ದರು. ಆ ಗ್ರಂಥಿ ಜರಡಿಗಿಂತ ಹಿಂದೆ, ಹಾಗಾಗಿ ಮಾಡಿಗೆ ಕೈ ಹಾಕದೆ ಕೆಳಗಿನಿಂದ ದಾಟಿ ಹೋಗಬಹುದು. ಅಲ್ಲೂ ಒಂದು ಎಚ್ಚರ ಬೇಕು. ಒಳಗೆ ಮಾಡಿದ ತೂತನ್ನು ಮುಚ್ಚಲು ಎರಡು ಹೊಳ್ಳೆಗಳ ನಡುವಿನ ಗೋಡೆಯಿಂದಲೇ ಒಂದು ತುಂಡು ಪೊರೆಯನ್ನು ಎಬ್ಬಿಸಿ, ರಕ್ತನಾಳದ ಸಮೇತ ತಿರುಗಿಸಿ ಹಚ್ಚುತ್ತಾರೆ. 2006ರಲ್ಲಿ ಅರ್ಜೆಂಟೀನಾದ ಹದಾದ್ ಮತ್ತು ಬಸಾಗಸ್ತೇಗಿ ಹೆಸರಲ್ಲಿ ಬಂದ ಉಪಾಯ ಅದು. ಅದರಿಂದ ಮೆದುಳಿನ ನೀರು ಮೂಗಿಂದ ಸೋರುವುದು ಎಷ್ಟೋ ಕಮ್ಮಿಯಾಯಿತು. ಆದರೆ ಗೋಡೆಯ ಮೇಲ್ತುದಿಯ ಒಂದು, ಒಂದೂವರೆ ಸೆಂಟಿಮೀಟರ್ ಪಟ್ಟಿಯಲ್ಲೂ ವಾಸನೆಯ ಪೊರೆ ಇರುತ್ತದೆ. ಅದನ್ನು ಬಿಟ್ಟು ಕೆಳಗಿಂದ ಕತ್ತರಿಸಬೇಕು. ಅಲ್ಲಿ ಸುಡುವ ಉಪಕರಣ ಬಳಸದೆ ಚಾಕುವಿನಿಂದಲೇ ಕೊಯ್ಯಬೇಕು ಅನ್ನುವವರೂ ಇದ್ದಾರೆ. ಬೆರಳಗಲ ಪಟ್ಟಿ. ಅದು ಅಲ್ಲಿದೆ ಅಂತ ನೆನಪಿಟ್ಟುಕೊಂಡು ಕೈ ಆಡಿಸಬೇಕು, ಅಷ್ಟೇ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಬಲಗಡೆ ನರ ಗಡ್ಡೆಯ ಅಡಿ ಸಿಕ್ಕಿ ಅಪ್ಪಚ್ಚಿಯಾಗಿದೆ, ಅದು ಹೋದ ಲೆಕ್ಕ. ಎಡಗಡೆಯದು ಎಂಆರ್‌ಐಯಲ್ಲಿ ಕಾಣುತ್ತಿದೆ, ಪಕ್ಕಕ್ಕೆ ಸರಿದಿದೆ, ಆದರೆ ಇದೆ. ಕಾಫಿಪುಡಿಯೂ ಅದನ್ನೇ ಹೇಳಿತು. ಹಾಗಾಗಿ ಬಲಗಡೆಯಿಂದಲೇ ಬುರುಡೆ ತೆರೆದು, ಸತ್ತ ಕಡೆಯಿಂದ ಒಳಹೊಕ್ಕು, ಬದುಕಿರುವ ಕಡೆಯನ್ನು ಮುಟ್ಟದೆ ಬರುವುದು. ಉಪಾಯ ಇಷ್ಟೇ.

"ಉಳೀತದಾ?" ಅಂದಳು ಅಮ್ಮ.

"ಪ್ರಯತ್ನ ಮಾಡ್ತೀನಿ, ಮಾತು ಕೊಡಲ್ಲ. ಒಳಗೆ ಕಣ್ಣಿನ ನರಕ್ಕೂ ಮೂಗಿನ ನರಕ್ಕೂ ಜಗಳ ಬಂದ್ರೆ ನಾನು ಕಣ್ಣಿನ ಕಡೆ."

ಈ ಉತ್ತರ ನನಗೆ ಹಿಡಿಸಿತು. ಅಮ್ಮನಿಗೂ. ಆಟೋದಲ್ಲಿ ಬರುವಾಗ, "ಈ ಮನುಷ್ಯ ಕೇಳಿದ್ದಕ್ಕೆ ಉತ್ತರ ಕೊಟ್ಟ" ಅಂದಳು. ಡಾಕ್ಟರಿಗೆ ಏಕವಚನ, ಆದರೆ ಅವಳ ಬಾಯಲ್ಲಿ ಅದು ಮೆಚ್ಚುಗೆ.

ಸರ್ಜರಿ ಹಿಂದಿನ ದಿನ ಡಾಕ್ಟರು ಇನ್ನೊಂದಿಷ್ಟು ಹೇಳಿದರು. ನಾನೇ ಪಟ್ಟು ಹಿಡಿದು ಕೇಳಿದ್ದು. ಗಡ್ಡೆಯನ್ನು ಕೀಳುವುದಲ್ಲ. ಮೊದಲು ಅದರ ಬುಡಕ್ಕೆ ಬರುವ ರಕ್ತನಾಳಗಳನ್ನು ಮುಚ್ಚಬೇಕು. ಆಮೇಲೆ ಹಲಸಿನ ಹಣ್ಣಿನ ಹಾಗೆ ಒಳಗಿನದ್ದನ್ನು ಸ್ವಲ್ಪ ಸ್ವಲ್ಪವೇ ಖಾಲಿ ಮಾಡಬೇಕು. ಒಳಗೆ ಟೊಳ್ಳಾದ ಮೇಲೆ ಸಿಪ್ಪೆ ತಾನೇ ಒಳಕ್ಕೆ ಕುಸಿಯುತ್ತದೆ. ಆಗ ಅಂಚನ್ನು ಒಳಕ್ಕೆ ಮಡಚುತ್ತಾ ಸುತ್ತಲಿನಿಂದ ಬಿಡಿಸಬೇಕು. ಗಡ್ಡೆಗೂ ನರಕ್ಕೂ ನಡುವೆ ಜೇಡರ ಬಲೆಯಂಥ ಒಂದು ಪೊರೆ ಇರುತ್ತದೆ. ಆ ಪೊರೆ ಸಿಕ್ಕರೆ ಪುಣ್ಯ. ಅದರ ಈ ಕಡೆಯೇ ಉಳಿದರೆ ನರಕ್ಕೆ ಏನೂ ಆಗುವುದಿಲ್ಲ.

"ನರ ಕತ್ತರಿಸಿ ಹೋಗೋದಕ್ಕಿಂತ ಎಳೆದು ಹೋಗೋದೇ ಜಾಸ್ತಿ," ಅಂದರು. ಅದು ನನಗೆ ಹೊಸದು. ಬುರುಡೆ ತೆರೆದಾಗ ಮೆದುಳು ದಾರಿಗೆ ಅಡ್ಡ ಇರುತ್ತದೆ, ಅದನ್ನು ಮೆಲ್ಲಗೆ ಎತ್ತಿ ಹಿಡಿಯಬೇಕು. ವಾಸನೆಯ ಮೊಗ್ಗು ಮೆದುಳಿಗೆ ಅಂಟಿಕೊಂಡಿರುತ್ತದೆ, ಎಳೆಗಳು ಜರಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಮೆದುಳನ್ನು ಸ್ವಲ್ಪ ಜಾಸ್ತಿ ಎತ್ತಿದರೆ ಸಾಕು, ಸಸಿಯನ್ನು ಕಿತ್ತಾಗ ಬೇರು ಪಟಪಟ ಹರಿಯುವ ಹಾಗೆ ಎಳೆಗಳೆಲ್ಲ ಹರಿದುಬಿಡುತ್ತವೆ. ರಕ್ತ ಬರುವುದಿಲ್ಲ, ಏನೂ ಆದಂತೆ ಕಾಣುವುದಿಲ್ಲ. ರೋಗಿ ಎದ್ದು ಮನೆಗೆ ಹೋಗಿ, ಸಾರಿಗೆ ಒಗ್ಗರಣೆ ಹಾಕಿದಾಗ ಗೊತ್ತಾಗುತ್ತದೆ. ಅದಕ್ಕೇ ಮೊದಲು ಮೆದುಳಿನ ಸುತ್ತಲ ನೀರನ್ನು ನಿಧಾನಕ್ಕೆ ಹೊರಗೆ ಬಿಟ್ಟು ಮೆದುಳು ತಾನಾಗಿ ಸಡಿಲವಾಗಲು ಕಾಯುತ್ತಾರಂತೆ. ಆ ಮೊಗ್ಗನ್ನು ಮೆದುಳಿಂದ ಬಿಡಿಸಿ ಜರಡಿಯ ಮೇಲೇ ಕೂರಿಸಿ, ಜಾರದ ಹಾಗೆ ಸ್ಪಂಜಿನಂಥದ್ದು ಇಟ್ಟು ಅಂಟು ಹಾಕುತ್ತಾರಂತೆ. ಆ ಕಾಯುವುದು, ಬಿಡಿಸುವುದು, ಎಲ್ಲ ಸೇರಿ ಗಂಟೆಗಟ್ಟಲೆ ಸಮಯ. ಮೂಗಿನ ಚಿಂತೆ ಇಲ್ಲದವರಿಗೆ ಅಷ್ಟೊಂದು ಸಮಯ ಬೇಕಿಲ್ಲ.

ಇನ್ನೊಂದು ಲೆಕ್ಕವೂ ಇತ್ತು. ಡೊನಾಲ್ಡ್ ಸಿಂಪ್ಸನ್ ಅನ್ನುವ ಸರ್ಜನ್ 1957ರಲ್ಲಿ ಕೊಟ್ಟ ಲೆಕ್ಕ, ಈಗಲೂ ಅದರ ಹೆಸರು ಹೇಳುತ್ತಾರೆ. ಗಡ್ಡೆಯ ಜೊತೆ ಅದು ಹುಟ್ಟಿದ ಪೊರೆ, ಎಲುಬನ್ನೂ ತೆಗೆದವರಲ್ಲಿ ನೂರಕ್ಕೆ 9 ಜನರಿಗೆ ಗಡ್ಡೆ ಮತ್ತೆ ಬಂದಿತ್ತು. ಪೊರೆಯನ್ನು ತೆಗೆಯದೆ ಸುಟ್ಟು ಬಿಟ್ಟವರಲ್ಲಿ ನೂರಕ್ಕೆ 19. ಮೂಗನ್ನು ಉಳಿಸಬೇಕು ಅಂದರೆ ಎಡಗಡೆಯ ಪೊರೆ, ಎಲುಬನ್ನು ಪೂರ್ತಿ ತೆಗೆಯುವ ಹಾಗಿಲ್ಲ. ಅಂದರೆ ಮೂಗಿಗೆ ಒಂದು ಬೆಲೆ ಇದೆ, ಆ ಬೆಲೆ ಮುಂದೆ ಎಂದೋ ಕೊಡಬೇಕಾಗಿ ಬರಬಹುದು. ಅಪ್ಪ, ತಮ್ಮ, ನಾನು ಮೂವರೂ ಎಲ್ಲ ತೆಗೆದುಬಿಡಿ ಅನ್ನುವ ಪಕ್ಷ. ಅಮ್ಮ ಕೇಳಿದಳು, "ಮತ್ತೆ ಬಂದ್ರೆ ಎಷ್ಟು ವರ್ಷಕ್ಕೆ?" ಬಂದರೂ ನಿಧಾನ, ವರ್ಷ ವರ್ಷ ಎಂಆರ್‌ಐ ಮಾಡಿ ನೋಡುತ್ತಿದ್ದರೆ ಸಣ್ಣದಿರುವಾಗಲೇ ರೇಡಿಯೇಷನ್ ಕೊಡಬಹುದು ಅಂದರು. "ನಂಗೀಗ ಅರವತ್ತೊಂದು. ಮೂಗು ಇರ್ಲಿ," ಅಂದಳು. ಮೂವರ ಬಾಯೂ ಬಂದ್. ನಾನು ಈಗಲೂ ಆ ತೀರ್ಮಾನ ಸರಿ ಅನ್ನುತ್ತೇನೆ. ಆದರೆ ಅವಳಿಗೆ ಮೂವತ್ತೈದೇ ಆಗಿದ್ದರೆ ಬೇರೆ ಲೆಕ್ಕ ಹಾಕಬೇಕಿತ್ತೇನೋ.

ಸರ್ಜರಿ ಬೆಳಿಗ್ಗೆ ಎಂಟಕ್ಕೆ ಶುರು, ಹೊರಗೆ ಬಂದಿದ್ದು ಸಂಜೆ ಐದೂವರೆಗೆ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಕಾದೆವು. ಕ್ಯಾಂಟೀನಿನ ಚಹಾ ಕೆಟ್ಟದಾಗಿತ್ತು.

ಮರುದಿನ ಐಸಿಯುನಲ್ಲಿ ಕಣ್ಣು ಬಿಟ್ಟಳು, ನನ್ನ ಹೆಸರು ಹೇಳಿದಳು, ಕೈಕಾಲು ಆಡಿಸಿದಳು. ಡಾಕ್ಟರು ಎಡಗಡೆಯ ನರ ಇಡೀ ಉಳಿದಿದೆ, ಕಣ್ಣಾರೆ ನೋಡಿದೆ ಅಂದರು. ನಾವು ಖುಷಿಯಾದೆವು. ಆದರೆ ಅಮ್ಮನಿಗೆ ಏನೂ ವಾಸನೆ ಬರುತ್ತಿರಲಿಲ್ಲ. ವಾರ್ಡಿಗೆ ಬಂದ ಮೇಲೂ ಇಲ್ಲ. ಫಿನಾಯಿಲ್ ಇಲ್ಲ, ಸಾಂಬಾರಿಲ್ಲ, ಹೂವಿಲ್ಲ. ನರ ನೋಡಲು ಇಡಿಯಾಗಿದ್ದರೆ ಕೆಲಸ ಮಾಡುತ್ತದೆ ಅಂತಲ್ಲವಂತೆ. ಊತ ಇಳಿಯಬೇಕು, ಅದಕ್ಕೆ ಬರುವ ಸಣ್ಣ ರಕ್ತನಾಳಗಳು ಚೇತರಿಸಿಕೊಳ್ಳಬೇಕು.

ಒಂದು ದಿನ ಅಪ್ಪ ಓಡಿಬಂದರು. ಅಮೃತಾಂಜನ ಹಚ್ಚಿಕೊಂಡರೆ ಅವಳಿಗೆ ಗೊತ್ತಾಗುತ್ತಿದೆ, ವಾಸನೆ ವಾಪಸ್ ಬಂತು ಅಂತ. ಡಾಕ್ಟರಿಗೆ ಹೇಳಿದಾಗ ಅವರು ಪಾಪ, ಬೇಜಾರಿನಿಂದಲೇ ತಲೆ ಅಲ್ಲಾಡಿಸಿದರು. ಅಮೃತಾಂಜನ, ವಿಕ್ಸ್, ಅಮೋನಿಯ ಇವೆಲ್ಲ ಮೂಗಿಗೆ ಚುರ್ ಅನ್ನುವುದು ಬೇರೆ ನರದಿಂದ, ಮುಖದ ಸ್ಪರ್ಶದ ನರದಿಂದ. ಅದು ವಾಸನೆಯಲ್ಲ, ಉರಿ. ಅದಕ್ಕೇ ಪರೀಕ್ಷೆಗೆ ಕಾಫಿಪುಡಿ. ಅಪ್ಪ ಅವತ್ತು ಸಂಜೆ ಯಾರ ಹತ್ತಿರವೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಮೂಗು ಸೀನಬೇಡಿ, ಭಾರ ಎತ್ತಬೇಡಿ, ಮೂಗಿಂದ ನೀರಿನ ಹಾಗೆ ಸೋರಿದರೆ ತಕ್ಷಣ ಬನ್ನಿ ಅಂದಿದ್ದರು. ನಾನು ಒಂದು ಗ್ಯಾಸ್ ಅಲಾರಂ ತಂದು ಒಲೆಯ ಹತ್ತಿರ, ಕೆಳಗೆ, ಗೋಡೆಗೆ ಹಾಕಿಸಿದೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಆ ಕೊಳೆತ ನಾತದ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಆ ನಾತವೇ ಗೊತ್ತಾಗದವರಿಗೆ ಅದಿದ್ದೂ ಪ್ರಯೋಜನ ಇಲ್ಲ. ಎರಡು ಸಲ ಹಾಲು ಸೀದಿತು. ಪಕ್ಕದಲ್ಲೇ ನಿಂತಿದ್ದಳು, ಹೊಗೆ ಕಣ್ಣಿಗೆ ಕಂಡ ಮೇಲೆ ಗೊತ್ತಾಯಿತು. ಊಟಕ್ಕೆ ಕೂತರೆ ಉಪ್ಪು, ಹುಳಿ, ಖಾರ ಇದೆ, ಸಾರು ಇಲ್ಲ ಅನ್ನುತ್ತಿದ್ದಳು. ಎಷ್ಟು ಸರಿಯಾಗಿ ಹೇಳಿದಳು ನೋಡಿ. ನಾಲಿಗೆಗೆ ಗೊತ್ತಾಗುವುದು ಅಷ್ಟೇ. ಸಾರು ಸಾರಾಗುವುದು ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಪರಿಮಳದಿಂದ.

ಮೂಗಿಗೆ ಕಸರತ್ತು ಮಾಡಿಸಿ ಅಂತ ಒಂದು ಚೀಟಿ ಕೊಟ್ಟಿದ್ದರು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಬರೆದದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, ಒಂದೊಂದನ್ನೂ ಹತ್ತು ಸೆಕೆಂಡು ಮೂಸುವುದು, ಮೂರು ತಿಂಗಳು. ವಾಸನೆಯ ನರಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ, ದೇಹದಲ್ಲಿ ಹಾಗೆ ಹುಟ್ಟುವ ನರಕೋಶ ತೀರಾ ಕಮ್ಮಿ. ಮೂಸುತ್ತಾ ಇದ್ದರೆ ಅವಕ್ಕೆ ದಾರಿ ಸಿಗುತ್ತದೆ ಅನ್ನುವ ಲೆಕ್ಕ. ಅಮ್ಮ ಆ ಪಟ್ಟಿಯನ್ನು ನೋಡಿ, "ನೀಲಗಿರಿ ಯಾರು ತಿಂತಾರೆ ಮಾರಾಯ್ತಿ?" ಅಂದಳು. ಆದರೂ ಮಾಡಿದಳು. ನಾಲ್ಕು ಹಳೇ ಉಪ್ಪಿನಕಾಯಿ ಬಾಟಲಿಗಳಿಗೆ ಹತ್ತಿ ಹಾಕಿಟ್ಟೆವು. ಪಕ್ಕದಲ್ಲಿ ಅವಳದೇ ಎರಡು ಸೇರಿಕೊಂಡವು. ಒಂದರಲ್ಲಿ ಇಂಗು, ಇನ್ನೊಂದರಲ್ಲಿ ಹಿಂದಿನ ವರ್ಷದ ಮಿಡಿಯ ಉಪ್ಪುನೀರು.

ಆರನೇ ವಾರ ಇಂಗಿನ ಬಾಟಲಿ ಮೂಸಿ ಮುಖ ಸಿಂಡರಿಸಿದಳು. "ರಬ್ಬರ್ ಸುಟ್ಟ ಹಾಗೆ." ಕಾಫಿಯೂ ಹಾಗೇ, ರಬ್ಬರು. ಒಂದು ತಿಂಗಳು ಕಾಫಿ ಕುಡಿಯಲಿಲ್ಲ. ನಾನು ಹೆದರಿ ಫೋನ್ ಮಾಡಿದರೆ ಡಾಕ್ಟರಿಗೆ ಖುಷಿ. ತಪ್ಪಾಗಿಯಾದರೂ ಬರುತ್ತಿದೆಯಲ್ಲ ಅಂದರು. ಹೊಸ ತಂತಿಗಳು ಸರಿಯಾದ ಜಾಗಕ್ಕೆ ಸೇರುವವರೆಗೆ ಹೀಗೆ ಅಡ್ಡಾದಿಡ್ಡಿ ಬರುತ್ತದಂತೆ. ರಬ್ಬರು ಹೋಗಿ ಕಾಫಿ ಕಾಫಿಯಾಗಿದ್ದು ಯಾವ ದಿನ ಅಂತ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಒಂದು ದಿನ ನೋಡಿದರೆ ಎರಡನೇ ಲೋಟ ಕುಡಿಯುತ್ತಿದ್ದಳು.

ಗುಲಾಬಿ ಇನ್ನೂ ಸರಿಯಾಗಿ ಬರುವುದಿಲ್ಲ. ಮಲ್ಲಿಗೆ ಬರುತ್ತದೆ. ಮಳೆಗೆ ಮಣ್ಣಿನ ವಾಸನೆ ಬರುತ್ತದೆ. ದೂರದಿಂದ ಹಿಡಿಯುವ ಶಕ್ತಿ ಹೋಗಿದೆ, ಹತ್ತಿರ ಬೇಕು.

ಈ ಮಾರ್ಚಿನಲ್ಲಿ ಮಿಡಿ ಹೊತ್ತಿಗೆ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಜಗಲಿಯಲ್ಲಿ ಒಬ್ಬ ಹುಡುಗ ಗೋಣಿ ಇಳಿಸಿದ. ಜೀರಿಗೆ ಮಿಡಿ ಅಂದ, ನೂರಕ್ಕೆ ಇಷ್ಟು ಅಂದ. ಹೊಸ ಹುಡುಗ, ಅಮ್ಮನನ್ನು ಗೊತ್ತಿಲ್ಲ. ಅವಳು ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದಳು. ಸೊನೆ ಚಿಮ್ಮಿ ಹೆಬ್ಬೆರಳ ಮೇಲೆ ಬಿತ್ತು. ಮೊದಲಾಗಿದ್ದರೆ ಅಷ್ಟು ದೂರದಲ್ಲೇ ಹೇಳಿಬಿಡುತ್ತಿದ್ದಳು. ಈಗ ಬಲ ಹೊಳ್ಳೆಯನ್ನು ಬೆರಳಿಂದ ಮುಚ್ಚಿ, ಮಿಡಿಯನ್ನು ಎಡಕ್ಕೆ ತಾಗುವಷ್ಟು ಹತ್ತಿರ ತಂದು, ಕಣ್ಣು ಮುಚ್ಚಿದಳು. ಹುಡುಗ ನನ್ನ ಮುಖ ನೋಡಿದ, ಇದೇನು ಅನ್ನುವ ಹಾಗೆ.

"ಜೀರಿಗೆ ಅಲ್ಲ ಇದು," ಅಂದಳು.

"ಜೀರಿಗೇನೇ ಅಮ್ಮ. ನಮ್ಮದೇ ಮರ."

ನಾನೂ ಒಂದು ಮುರಿದು ಮೂಸಿದೆ. ನನಗೆ ಜೀರಿಗೆ ಅನ್ನಿಸಿತು. ಹೇಳಲಿಲ್ಲ. ಅಮ್ಮ ಇನ್ನೊಂದು ಮುರಿದಳು, ಮತ್ತೊಂದು ಮುರಿದಳು. ಆಮೇಲೆ ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ನಾಲ್ಕು ತೆಗೆದು ಒಂದೊಂದನ್ನೇ ಎಡಗಡೆ ಹಿಡಿದಳು.

"ಎರಡು ಮರದ್ದು ಸೇರಿಸಿದೀಯ," ಅಂದಳು. "ಮೇಲಿಂದು ಬೇಡ. ಅಡೀದು ಎಣಿಸು."

ಹುಡುಗ ತಲೆ ಕೆರೆದುಕೊಂಡ. ಎಣಿಸಲು ಕೂತ.